ಸುಟ್ಟ ಕಬ್ಬು, ಒತ್ತಿದ ಒಡ್ಡು: ಪರಿಹಾರದ ದಾವೆ ನಾನು ಬರೆಯುವ ಬಗೆ

ಮುಧೋಳ, ಜಮಖಂಡಿ, ಗೋಕಾಕ ಕಡೆಯ ಪಕ್ಷಗಾರರ ಮೊದಲ ಮಾತು ಹೆಚ್ಚಾಗಿ ಇದೇ: “ವಕೀಲ್ರ, ಅವ್ರು ಬೇಕಂತನ ಮಾಡ್ಯಾರ್ರೀ.” ಸಿಟ್ಟಿನ ಆ ಮಾತನ್ನು ನಾನು ಹಾಗೇ ದಾವೆಗೆ ಇಳಿಸುವುದಿಲ್ಲ. ಬೇಕೆಂದೇ ಮಾಡಿದ ಅಪಕೃತ್ಯದಲ್ಲಿ (ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದಾದ ತಪ್ಪು) ರುಜುವಾತು ಮಾಡಬೇಕಾದದ್ದು ಬೇರೆ, ನಿಷ್ಕಾಳಜಿಯಲ್ಲಿ ಬೇರೆ.

ನೆರೆಯವ ರಂಟೆ ಹೊಡೆದು ಒಡ್ಡು ಒತ್ತಿದ ಎನ್ನಿ. ಇದು ಅತಿಕ್ರಮ ಪ್ರವೇಶ. ಹೊಲ ವಾದಿಯ ಸ್ವಾಧೀನದಲ್ಲಿತ್ತು, ಅನುಮತಿಯಿಲ್ಲದೆ ಒಳಗೆ ಬಂದ: ಇಷ್ಟು ಸಾಬೀತಾದರೆ ಸಾಕು, ನಷ್ಟ ತೋರಿಸಲೇಬೇಕೆಂದಿಲ್ಲ. “ನನ್ನ ಹದ್ದೇ ಅನ್ಕೊಂಡಿದ್ದೆ” ಎಂಬ ಕೈಫಿಯತ್ತು ನಿಲ್ಲದು. ಕಾಲಿಡುವ ಇಚ್ಛೆ ಇದ್ದರಾಯಿತು, ಅತಿಕ್ರಮಿಸುವ ಇಚ್ಛೆ ಬೇಕಿಲ್ಲ. ಇದನ್ನೇ ‘ನಿಷ್ಕಾಳಜಿ’ ಎಂದು ಬರೆದರೆ ನಷ್ಟ ರುಜುವಾತು ಮಾಡುವ ಭಾರವನ್ನು ನಾವೇ ಹೊತ್ತುಕೊಂಡಂತೆ. ಆದರೆ ನಷ್ಟ ತೋರಿಸದಿದ್ದರೆ ಸಿಗುವುದು ನಾಮಮಾತ್ರದ ಪರಿಹಾರ. ಅದಕ್ಕೇ ಅಳತೆ ನಕ್ಷೆ ಲಗತ್ತಿಸಿ, ತಡೆಯಾಜ್ಞೆಯನ್ನೂ ಕೇಳುತ್ತೇನೆ.

ಮುಂಗಡ ಬಾಕಿ ಎಂದು ಕಬ್ಬು ಕಡಿಯುವ ಗ್ಯಾಂಗಿನವರನ್ನು ಕೂಡಿಹಾಕಿದರೆ ಅದು ಅಕ್ರಮ ಬಂಧನ. ಬೀಗವೇ ಬೇಕಿಲ್ಲ, ಹೋದರೆ ಹೊಡೆಯುತ್ತೇವೆಂಬ ಬೆದರಿಕೆಯೂ ನಡೆಯುತ್ತದೆ. ಆದರೆ ಎಲ್ಲ ದಾರಿಯೂ ಬಂದಾಗಿರಬೇಕು. ಒಂದು ಕಡೆ ತಡೆದು ಇನ್ನೊಂದು ಕಡೆ ಬಿಟ್ಟಿದ್ದರೆ ಬಂಧನವಾಗದು ಎಂದು 1845ರ ಬರ್ಡ್ ವಿರುದ್ಧ ಜೋನ್ಸ್ ತೀರ್ಪಿನಲ್ಲೇ ಹೇಳಿದೆ. ಇಲ್ಲಿ ಹೆಚ್ಚು ಮಂದಿ ಎಡವುವುದು ಗಡುವಿನಲ್ಲಿ. ಕಾಲಮಿತಿ ಕಾಯ್ದೆಯ 73ನೇ ಅನುಚ್ಛೇದದ ಪ್ರಕಾರ ಬಿಡುಗಡೆಯಾದ ದಿನದಿಂದ 1 ವರ್ಷ ಮಾತ್ರ. ಪೊಲೀಸ್ ಕೇಸು ಮುಗಿಯಲಿ ಎಂದು ಕಾದವರ ಸಿವಿಲ್ ದಾವೆ ಅಷ್ಟರಲ್ಲಿ ಸತ್ತಿರುತ್ತದೆ.

ನಿಜವಾದ ದುಡಿಮೆ ಇರುವುದು ತಂತಿಯ ಕಿಡಿಯಿಂದ ಕಬ್ಬು ಸುಟ್ಟ ಪ್ರಕರಣಗಳಲ್ಲಿ. ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯುತ್ತೇನೆ: ಕರ್ತವ್ಯ, ಕರ್ತವ್ಯಲೋಪ, ಕಾರಣದ ಕೊಂಡಿ, ನಷ್ಟ. ಪ್ರತಿ ಅಂಕಣದಡಿ ಒಂದು ಕಾಗದ ಅಥವಾ ಒಬ್ಬ ಸಾಕ್ಷಿ ಇರಬೇಕು. ಖಾಲಿ ಉಳಿದರೆ ದಾವೆ ಹಾಕುವ ಅವಸರ ಮಾಡುವುದಿಲ್ಲ.

ತಂತಿಯನ್ನು ಸುರಕ್ಷಿತವಾಗಿ ಇಡುವ ವಿದ್ಯುತ್ ಕಂಪನಿಯ ಕರ್ತವ್ಯದ ಬಗ್ಗೆ ವಾದ ಕಡಿಮೆ. ಲೋಪಕ್ಕೆ ಅಳತೆ ಬೇಕು. 1956ರ ವಿದ್ಯುತ್ ನಿಯಮಗಳಲ್ಲೂ ನಂತರದ 2010ರ ನಿಯಮಾವಳಿಯಲ್ಲೂ, ರಸ್ತೆ ಬಿಟ್ಟು ಬೇರೆ ಜಾಗದಲ್ಲಿ 11,000 ವೋಲ್ಟ್‌ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕೆಂದಿತ್ತು. ಘಟನೆಯ ದಿನ ಜಾರಿಯಲ್ಲಿದ್ದ ನಿಯಮವನ್ನೇ ಹೆಸರಿಸಬೇಕು. ಕೋಲು ಹಿಡಿದು ತಂತಿ ಅಳೆಯಲು ಯಾರೂ ಹೋಗಬಾರದು. ವಿದ್ಯುತ್ ಪರಿವೀಕ್ಷಕರ ವರದಿಗೆ ಅರ್ಜಿ ಕೊಡಿ. ತಂತಿ ಜೋತಾಡುತ್ತಿದೆ ಎಂದು ಬೆಂಕಿಗೆ ಮುಂಚೆ ಕೊಟ್ಟ ಅರ್ಜಿಯ ಸ್ವೀಕೃತಿ ಇದ್ದರಂತೂ ಅರ್ಧ ಕೆಲಸ ಆದಂತೆ.

ದಾವೆ ಬೀಳುವುದು ಮೂರನೇ ಅಂಕಣದಲ್ಲಿ. “ತಂತಿ ಕೆಳಗಿತ್ತು, ಕಬ್ಬು ಸುಟ್ಟಿತು” ಎಂದರೆ ಕೊಂಡಿ ಕೂಡಲಿಲ್ಲ. ಪಕ್ಕದವರು ರವದಿಗೆ (ಕಬ್ಬಿನ ಒಣ ಸೋಗೆ) ಹಚ್ಚಿದ ಬೆಂಕಿ ಬಂತು ಎಂದು ಪಾಟೀಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. ಬೆಂಕಿ ಎಲ್ಲಿ ಹುಟ್ಟಿತು, ಗಾಳಿ ಯಾವ ಕಡೆಗಿತ್ತು, ಆ ಹೊತ್ತಿಗೆ ಲೈನಿನಲ್ಲಿ ಕರೆಂಟ್ ಇತ್ತೇ ಎಂಬುದು ಪಂಚನಾಮೆಯಲ್ಲಿ ಬರಬೇಕು. ಅಗ್ನಿಶಾಮಕ ದಳದ ವರದಿ ತೆಗೆದುಕೊಳ್ಳಿ. ಮೊಬೈಲ್ ಫೋಟೋಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು.

ಇಷ್ಟಾದರೂ ಪರ್ಯಾಯವಾಗಿ ಕಟ್ಟುನಿಟ್ಟಿನ ಹೊಣೆಯನ್ನೂ, ಅಂದರೆ ನಿಷ್ಕಾಳಜಿ ತೋರಿಸದಿದ್ದರೂ ಬರುವ ಹೊಣೆಯನ್ನು, ಒಂದು ಪ್ಯಾರಾದಲ್ಲಿ ಬರೆಯುತ್ತೇನೆ. ರಸ್ತೆಗೆ ಬಿದ್ದ, ಕರೆಂಟ್ ಇದ್ದ ತಂತಿಯಿಂದಾದ ಸಾವಿನ ಪ್ರಕರಣದಲ್ಲಿ, 2002ರ ಶೈಲ್ ಕುಮಾರಿ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹೊರಗಿನವನ ಕೃತ್ಯವೆಂಬ ನೆಪವನ್ನು ಒಪ್ಪಲಿಲ್ಲ. ಆದರೆ ಅದೂ ಕೊಂಡಿಗೆ ಬದಲಿಯಲ್ಲ. ಬೆಂಕಿ ತಂತಿಯದೇ ಎಂಬುದನ್ನು ಆಗಲೂ ತೋರಿಸಲೇಬೇಕು.

ನಷ್ಟದ ಲೆಕ್ಕ ಉಬ್ಬಿಸುವುದು ಹಳೇ ಚಟ. ಉದಾಹರಣೆಗೆ 2 ಎಕರೆ, ಎಕರೆಗೆ 40 ಟನ್, ಕಟಾವು-ಸಾಗಣೆ ಕಳೆದು ಟನ್ನಿಗೆ 3,000 ರೂಪಾಯಿ ಎಂದರೆ 2,40,000. ಸುಟ್ಟ ಕಬ್ಬು 65 ಟನ್ 2,600ರಂತೆ ಕಾರ್ಖಾನೆಗೆ ಹೋಗಿದ್ದರೆ 1,69,000 ಕೈಸೇರಿತು. ಕೇಳಬೇಕಾದದ್ದು 71,000, ಜತೆಗೆ ಸುಟ್ಟ ಡ್ರಿಪ್ ಪೈಪಿನ ಬೆಲೆ, ಕೂಳೆ (ಮತ್ತೆ ಚಿಗುರುವ ಬುಡ) ಹಾಳಾಗಿದ್ದರೆ ಅದರದ್ದು. ಪೂರ್ತಿ 2,40,000 ಕೇಳಿದವನ ಮುಂದೆ ಎದುರಾಳಿ ವಕೀಲರು ಕಾರ್ಖಾನೆಯ ತೂಕದ ಚೀಟಿ ಹಿಡಿದರೆ ಉಳಿದ ಸಾಕ್ಷ್ಯವೂ ಹಗುರಾಗುತ್ತದೆ. ಸುಟ್ಟ ಕಬ್ಬು ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಪಂಚನಾಮೆ ಆದ ಕೂಡಲೇ ಸಾಗಿಸಬೇಕು, ತಡದಿಂದಾದ ನಷ್ಟ ರೈತನ ತಲೆಗೇ ಬರುತ್ತದೆ. ಹಿಂದಿನ ಹಂಗಾಮಿನ ಬಿಲ್ಲು, ಬೆಳೆ ನಮೂದಾದ ಉತಾರ (ಪಹಣಿ), ಕೃಷಿ ಅಧಿಕಾರಿಯ ಅಂದಾಜು ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಕಬ್ಬು ಸುಟ್ಟ ದಾವೆಗೆ ಗಡುವು 3 ವರ್ಷ ಎಂದು ವಾದಿಸಬಹುದು. ಆದರೆ ಯಾವುದೋ ಕಾಯ್ದೆಯಡಿ ಮಾಡಿದ ಕೆಲಸವೆಂದು ಎದುರಿನವರು ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದದ 1 ವರ್ಷವನ್ನು ಮುಂದೊಡ್ಡಬಹುದು. ಹಾಗಾಗಿ ನಾನು ವರ್ಷದೊಳಗೇ ಹಾಕುತ್ತೇನೆ. ಸರ್ಕಾರವೂ ಪ್ರತಿವಾದಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು, ಆದ್ದರಿಂದ ನೋಟಿಸನ್ನು ಮೊದಲ ತಿಂಗಳಲ್ಲೇ ಕಳಿಸುವುದು.