ಜೋಡಿ ಗಾಜಿನೊಳಗೆ ಮಬ್ಬು ಕೂತರೆ

ಮಂಜೇಶ್ವರದ ಕಡಲ ಬದಿಯಿಂದ ಫೋನ್ ಬಂತು. ಐದನೆಯ ತರಗತಿಯಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್. ‘ಮಗ ಹಾಕಿಸಿಕೊಟ್ಟ ಗಾಜಿನ ಬಾಗಿಲು ಬೆಳಗ್ಗೆ ಮಬ್ಬು, ಮಧ್ಯಾಹ್ನ ಸರಿ. ಕಣ್ಣಿಗೆ ಪೊರೆ ಬಂತೆಂದು ಡಾಕ್ಟರರಿಗೂ ತೋರಿಸಿದೆ. ಕಣ್ಣು ಸರಿಯಿದೆಯಂತೆ. ನೀನೊಮ್ಮೆ ಬಂದು ನೋಡು’ ಎಂದರು.

ಶಾರ್ಜಾದಲ್ಲಿ ಹದಿನಾಲ್ಕು ವರ್ಷ ಗಾಜು ಕೂರಿಸಿ, ಈಗ ಉಪ್ಪಳದಲ್ಲಿ ಅಲ್ಯೂಮಿನಿಯಂ ಮತ್ತು ಯುಪಿವಿಸಿ ಕೆಲಸದ ಅಂಗಡಿ ಇಟ್ಟುಕೊಂಡಿದ್ದೇನೆ. ಗಲ್ಫಿನ ದುಡ್ಡಿನಲ್ಲಿ ಎದ್ದ ನಮ್ಮೂರಿನ ಮನೆಗಳಲ್ಲಿ ಈ ದೂರು ಹೊಸದಲ್ಲ. ಮಳೆಯೇ ಅಪರೂಪವಾದ ಆ ದೇಶಕ್ಕೆ ಒಗ್ಗಿದ ಬಾಗಿಲನ್ನು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿಗೆ ತಂದು ನಿಲ್ಲಿಸಿದರೆ ಸಣ್ಣ ತಪ್ಪೂ ಬೇಗ ಹೊರಬೀಳುತ್ತದೆ.

ಮೊದಲು ಒಣ ಬಟ್ಟೆಯಿಂದ ಗಾಜಿನ ಎರಡೂ ಬದಿ ಒರೆಸಿ. ಹೊರಗಿನ ಮೈಯ ಮಬ್ಬು ಬಟ್ಟೆಗೆ ಬಂದರೆ ಗಾಜಿಗೆ ಏನೂ ಆಗಿಲ್ಲ. ಒಳಗೆ ಎಸಿ ಓಡುತ್ತಿದೆ, ಹೊರಗೆ ಮಳೆಗಾಲದ ಹಸಿ ಗಾಳಿ ಇದೆ, ಅಷ್ಟೇ. ಇಂಥ ಬಾಗಿಲಿನಲ್ಲಿ ನಡುವೆ ಗಾಳಿ ಬಿಟ್ಟು ಎರಡು ಗಾಜುಗಳನ್ನು ಜೋಡಿಸಿರುತ್ತಾರೆ. ಎರಡೂ ಬದಿ ಒರೆಸಿದ ಮೇಲೂ ಮಬ್ಬು ಹಾಗೆಯೇ ನಿಂತರೆ ಅದು ಆ ಗಾಜುಗಳ ನಡುವೆ ಇದೆ. ಟೀಚರ ಬಾಗಿಲಿನಲ್ಲಿ ಅದು ಕೆಳಗಿನ ಎಡ ಮೂಲೆಯಲ್ಲಿ ಅಂಗೈಯಷ್ಟು ಹರಡಿತ್ತು.

ಎರಡು ಗಾಜುಗಳ ಅಂಚಿನ ಸುತ್ತ ಒಂದು ಟೊಳ್ಳು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ನಾವು ಅದಕ್ಕೆ ಸ್ಪೇಸರ್ ಎನ್ನುತ್ತೇವೆ. ಅದರ ಹೊಟ್ಟೆಯಲ್ಲಿ ಸಾಸಿವೆಯಂಥ ಕಾಳುಗಳು. ನಡುವಿನ ಗಾಳಿಯ ತೇವ ಹೀರುವುದು ಅವುಗಳ ಕೆಲಸ. ಸುತ್ತಲಿನ ಅಂಟು ಬಿಟ್ಟುಕೊಂಡರೆ ಹೊರಗಿನ ಹಸಿ ಒಳಗೆ ನುಗ್ಗುತ್ತದೆ. ಕಾಳುಗಳು ತಮ್ಮಿಂದಾದಷ್ಟು ಹೀರಿ ಸೋಲುತ್ತವೆ. ಮಬ್ಬು ಕಂಡಿತೆಂದರೆ ಅವು ಸೋತು ದಿನಗಳಾದವು ಎಂದರ್ಥ.

ಗಾಜಿಗೆ ಸಣ್ಣ ತೂತು ಕೊರೆದು ತೇವ ಒಣಗಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಟಫನ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಡ್ರಿಲ್ ತಾಗಿದರೆ ಇಡೀ ಹಲಗೆ ಕಡಲೆಯಷ್ಟು ಚೂರುಗಳಾಗಿ ನೆಲಕ್ಕೆ ಸುರಿಯುತ್ತದೆ. ಸಾದಾ ಗಾಜಾದರೂ ಒಡೆದ ಅಂಟು ಒಡೆದೇ ಇರುತ್ತದೆ. ಗಾಜಿನ ಜೋಡಿಯನ್ನೇ ಬದಲಾಯಿಸಬೇಕು. ಚೌಕಟ್ಟು ಗಟ್ಟಿಯಿದ್ದರೆ ಇಡೀ ಬಾಗಿಲಿಗೆ ಖರ್ಚು ಮಾಡಬೇಕಿಲ್ಲ.

ಈ ಕೆಲಸದ ಮುಕ್ಕಾಲು ಪಾಲು ಅಳತೆ. ಕಣ್ಣಿಗೆ ಕಾಣುವ ಗಾಜನ್ನು ಅಳೆಯಬೇಡಿ, ಅಂಚು ಬೀಡಿಂಗಿನ, ಅಂದರೆ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುವ ಪಟ್ಟಿಯ, ಹಿಂದೆ ಅಡಗಿರುತ್ತದೆ. ಬೀಡಿಂಗ್ ತೆಗೆದು, ಚೌಕಟ್ಟಿನ ಒಳಗಿನ ತೋಡನ್ನೇ ಅಗಲಕ್ಕೆ ಮೂರು ಕಡೆ, ಎತ್ತರಕ್ಕೆ ಮೂರು ಕಡೆ ಅಳೆದು, ಎಲ್ಲಕ್ಕಿಂತ ಚಿಕ್ಕದನ್ನು ಹಿಡಿಯಿರಿ. ಟೀಚರ ಮನೆಯಲ್ಲಿ ಅಗಲ 1,058, 1,060, 1,059 ಮಿಲಿಮೀಟರ್ ಬಂತು. 1,058ರಲ್ಲಿ 8 ಕಳೆದು 1,050 ಬರೆದುಕೊಂಡೆ. ಎತ್ತರ 1,988, ಬರೆದದ್ದು 1,980. ಸುತ್ತ ನಾಲ್ಕು ಮಿಲಿಮೀಟರ್ ಜಾಗ ಉಳಿಯಲೇಬೇಕು. ಮೂಲೆಯಿಂದ ಮೂಲೆಗೂ ಟೇಪ್ ಹಿಡಿದು ನೋಡಿ. ಎರಡು ಅಳತೆಗಳೂ ಒಂದೇ ಬಾರದಿದ್ದರೆ ಚೌಕಟ್ಟು ಸೊಟ್ಟಗಾಗಿದೆ, ಮೊದಲು ಅದನ್ನು ಸರಿಮಾಡಿ.

ಊರಿಗೆ ಬಂದ ಮೊದಲ ವರ್ಷ ಈ ಕಳೆಯುವ ಲೆಕ್ಕವನ್ನೇ ಮರೆತು ಒಂದು ಜೋಡಿ ತರಿಸಿದ್ದೆ. ಟಫನ್ಡ್ ಆದ ಗಾಜನ್ನು ಮತ್ತೆ ಒಂದು ಕೂದಲಿನಷ್ಟೂ ಕತ್ತರಿಸಲಾಗದು. ಅದು ಈಗಲೂ ನಮ್ಮ ಅಂಗಳದಲ್ಲಿದೆ. ಬೇಸಗೆಯಲ್ಲಿ ಹೆಂಡತಿ ಅದರ ಮೇಲೆ ಹಲಸಿನ ಹಪ್ಪಳ ಒಣಗಿಸುತ್ತಾಳೆ, ಬಂದ ನೆಂಟರಿಗೆಲ್ಲ ಅದರ ಬೆಲೆಯನ್ನೂ ಹೇಳುತ್ತಾಳೆ.

ದಪ್ಪವನ್ನು ಕ್ಯಾಲಿಪರ್ ಹಿಡಿದೇ ನೋಡಿ. ಇಲ್ಲಿ 22 ಇತ್ತು: 5 ಗಾಜು, 12 ಖಾಲಿ, 5 ಗಾಜು. ಒಂದು ಮಿಲಿಮೀಟರ್ ಹೆಚ್ಚಾದರೂ ಬೀಡಿಂಗ್ ಕೂರಲು ಒಪ್ಪುವುದಿಲ್ಲ. ಬಿಸಿಲು ತಡೆಯುವ ಲೇಪನ ಇದೆಯೇ ಎಂದು ತಿಳಿಯಲು ಕತ್ತಲಾದ ಮೇಲೆ ಗಾಜಿನೆದುರು ಬೆಂಕಿಕಡ್ಡಿ ಗೀರಿ ಓರೆಯಾಗಿ ನೋಡಿ. ನಾಲ್ಕು ಜ್ವಾಲೆಗಳು ಕಾಣುತ್ತವೆ, ಗಾಜಿನ ಒಂದೊಂದು ಮೈಗೆ ಒಂದೊಂದು. ಒಂದರ ಬಣ್ಣ ಬೇರೆಯಾಗಿದ್ದರೆ ಲೇಪನ ಆ ಮೈಯಲ್ಲಿದೆ. ಬಿಸಿಲ ಊರಿನಲ್ಲಿ ಅದು ಹೊರಗಿನಿಂದ ಎಣಿಸಿದರೆ ಎರಡನೆಯ ಮೈಯಲ್ಲಿರಬೇಕು. ಕೂರಿಸುವಾಗ ತಿರುವುಮುರುವು ಮಾಡಿದರೆ ಲೇಪನಕ್ಕೆ ಕೊಟ್ಟ ದುಡ್ಡಿನ ಫಲ ಪೂರ್ತಿ ಸಿಗುವುದಿಲ್ಲ.

ಮಂಗಳೂರಿನಿಂದ ತಲಪಾಡಿ ಗಡಿ ದಾಟಿ ಗಾಜು ಬಂದ ದಿನ ಮೋಡವಿರಲಿಲ್ಲ. ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್ ವರೆಗಿನ ದಿನಗಳೇ ಒಳ್ಳೆಯವು. ಜುಲೈ–ಆಗಸ್ಟಿನ ಆಟಿ ತಿಂಗಳಿನಲ್ಲಿ ಬಾಗಿಲು ಬಿಚ್ಚಿಟ್ಟರೆ ಚಾವಡಿಯೊಳಗೇ ಮಳೆ. ಗಾಜಿನ ತೂಕ ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ಹಾಗಾಗಿ ಈ ಜೋಡಿ ಸುಮಾರು 52 ಕಿಲೋ, ಸಿಮೆಂಟಿನ ಒಂದು ಚೀಲಕ್ಕಿಂತ ತುಸು ಹೆಚ್ಚು. ಇಬ್ಬರು ಬೇಕೇ ಬೇಕು. ದಪ್ಪ ಕೈಗವಸು, ಕಾಲಿಗೆ ಶೂ ಇರಲಿ. ನೆಲಕ್ಕೆ ಗೋಣಿ ಹಾಸಿ ಗಾಜನ್ನು ಅಂಚಿನ ಮೇಲೆಯೇ ನಿಲ್ಲಿಸಿ, ಮೂಲೆಯನ್ನು ಮಾತ್ರ ನೆಲಕ್ಕೆ ಊರಬೇಡಿ. ಟಫನ್ಡ್ ಗಾಜು ನಡುವೆ ಪೆಟ್ಟು ತಿಂದರೂ ತಡೆದುಕೊಂಡೀತು, ಮೂಲೆಗೆ ಕಲ್ಲು ತಾಗಿದರೆ ತಡೆಯದು. ನನ್ನ ಜೊತೆಗಿನ ಹುಡುಗ ಮಲಯಾಳಿ. ‘ಚಿಲ್ಲು, ಚಿಲ್ಲು’ ಎನ್ನುತ್ತಲೇ ಹೆಜ್ಜೆ ಇಡುತ್ತಾನೆ, ನನಗೆ ಅದೇ ಧೈರ್ಯ.

ಬೀಡಿಂಗ್ ಬಿಚ್ಚಲು ಉದ್ದದ ಪಟ್ಟಿಯ ನಡುವಿನಿಂದ ತೊಡಗಿ. ಪುಟ್ಟಿ ಹಚ್ಚುವ ಅಲಗನ್ನು ಸಂದಿಗೆ ತೂರಿಸಿ ನಿಧಾನವಾಗಿ ಮೀಟಿದರೆ ಪಟ್ಟಿ ಬಿಲ್ಲಿನಂತೆ ಬಾಗಿ ಹೊರಬರುತ್ತದೆ. ಯಾವುದು ಎಲ್ಲಿಯದೆಂದು ಪ್ರತಿಯೊಂದರ ಹಿಂದೆ ಬರೆದಿಡಿ. ಹಳೆಯ ಅಲ್ಯೂಮಿನಿಯಂ ಬಾಗಿಲುಗಳಲ್ಲಿ ಬೀಡಿಂಗ್ ಇಲ್ಲದೆ ಗಾಜಿನ ಸುತ್ತ ರಬ್ಬರ್ ಸುತ್ತಿರುವುದುಂಟು. ಆಗ ಬಾಗಿಲನ್ನೇ ಮೇಲಕ್ಕೆತ್ತಿ, ಅದು ಜಾರುವ ಹಳಿಯಿಂದ ಹೊರತೆಗೆದು, ಮಲಗಿಸಿ, ಮೂಲೆಯ ಸ್ಕ್ರೂಗಳನ್ನು ಬಿಚ್ಚಬೇಕು.

ಹಳೆಯ ಗಾಜು ಹೊರಬಂದಾಗ ಕಾರಣ ತಾನಾಗಿ ಕಂಡಿತು. ಕೆಳಗಿನ ತೋಡಿನಲ್ಲಿ ಕಡಲ ಮರಳು, ಸತ್ತ ಇರುವೆಗಳು, ಯಾರೋ ಧಾರಾಳವಾಗಿ ಸುರಿದ ಸಿಲಿಕಾನ್. ನೀರು ಹೊರಹೋಗುವ ತೂತುಗಳೆರಡೂ ಮುಚ್ಚಿದ್ದವು. ಗಾಜಿನ ಬುಡ ವರ್ಷಗಟ್ಟಲೆ ನೀರಿನಲ್ಲಿ ನಿಂತರೆ ಯಾವ ಅಂಟು ಉಳಿದೀತು? ಟೀಚರನ್ನು ಕರೆದು ತೋರಿಸಿದೆ. ‘ನಾನು ಎರಡು ವರ್ಷ ಮೇಲೆ ಒರೆಸುತ್ತಿದ್ದೆ, ರೋಗ ಇದ್ದದ್ದು ಕಾಲಿನಲ್ಲಿ’ ಎಂದರು.

ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿ. ಬ್ರಷ್ ಹಾಕಿ ತೋಡನ್ನು ತೊಳೆದು ಒಂದು ಚೆಂಬು ನೀರು ಹಾಕಿ ನೋಡಿ. ಅದು ಹಳಿಗೆ ಇಳಿದು, ಹಳಿಯ ತೂತಿನಿಂದ ಹೊರಗಿನ ಅಂಗಳಕ್ಕೆ ಹರಿಯಬೇಕು. ಅಲ್ಲಿಯವರೆಗೆ ಹೊಸ ಗಾಜನ್ನು ಮುಟ್ಟಬೇಡಿ.

ನಂತರ ಗಾಜಿನ ಅಡಿಗೆ ಎರಡು ಪ್ಯಾಕಿಂಗ್ ತುಂಡುಗಳು, ಬಾಗಿಲಿನ ಗಾಲಿಗಳು ಇರುವ ಜಾಗದ ಮೇಲೆಯೇ ಬರುವಂತೆ. ನೀರಿನ ದಾರಿಗೆ ಅವು ಅಡ್ಡವಾಗಬಾರದು. ಅಗಲದಲ್ಲಿ 22 ಮಿಲಿಮೀಟರನ್ನೂ ಪೂರ್ತಿ ಹೊರುವಂತಿರಬೇಕು. ಒಂದೇ ಗಾಜು ಕೂತು ಇನ್ನೊಂದು ನೇತಾಡಿದರೆ ನಡುವಿನ ಅಂಟು ದಿನವೂ ಎಳೆಸಿಕೊಂಡು ಮತ್ತೆ ಹರಿಯುತ್ತದೆ. ಬದಿಗಳಲ್ಲಿಯೂ ಸಣ್ಣ ತುಂಡುಗಳನ್ನಿಟ್ಟು ಗಾಜನ್ನು ನಡುವಿಗೆ ತನ್ನಿ.

ಗಾಜಿನ ಬುಡವನ್ನು ಮೊದಲು ಕೂರಿಸಿ, ಮೇಲಿನ ಭಾಗವನ್ನು ಒಳಕ್ಕೆ ತಳ್ಳಿ. ಒಬ್ಬರು ಅಂಗೈ ಒತ್ತಿ ಹಿಡಿದಿರಲಿ, ಬೀಡಿಂಗ್ ಬೀಳುವ ತನಕ ಕೈ ತೆಗೆಯಬಾರದು. ಗಿಡ್ಡ ಪಟ್ಟಿಗಳು ಮೊದಲು, ಉದ್ದದವು ಆಮೇಲೆ. ರಬ್ಬರಿಗೆ ಸಾಬೂನು ನೀರು ಸವರಿ, ರಬ್ಬರ್ ಸುತ್ತಿಗೆಯಿಂದ ಮೂಲೆಯಿಂದ ನಡುವಿಗೆ ಮೆಲ್ಲಗೆ ಬಡಿದರೆ ಟಕ್ ಎಂದು ಕೂರುತ್ತದೆ. ಸಿಲಿಕಾನ್ ಬೇಕೇ ಬೇಕಾದಲ್ಲಿ ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ಕೊಳ್ಳಿ. ವಿನೆಗರಿನಂತೆ ಹುಳಿ ವಾಸನೆಯ ಅಗ್ಗದ ಸಿಲಿಕಾನ್ ಗಾಜಿನ ಜೋಡಿಯ ಅಂಟನ್ನೇ ಕೆಡಿಸುತ್ತದೆ.

ಕೊನೆಗೆ ಬಾಗಿಲನ್ನು ಎಳೆದು ನೋಡಿ. ಒಂದು ಬದಿ ಉಜ್ಜಿದರೆ ಅಡಿಯ ಅಂಚಿನಲ್ಲಿರುವ ಗಾಲಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಎಳೆಯಿರಿ. ನಾನು ಸಾಮಾನು ಕಟ್ಟುವಷ್ಟರಲ್ಲಿ ಟೀಚರ್ ಅಡುಗೆಮನೆಯಿಂದ ಇನ್ನೊಂದು ಚೆಂಬು ನೀರು ತಂದು ತಾವೇ ಹಳಿಗೆ ಹೊಯ್ದರು. ಹೊರಗೆ ಹೋಗಿ, ಸೀರೆಯ ನೆರಿಗೆ ಹಿಡಿದು ಬಗ್ಗಿ, ನೀರು ತೊಟ್ಟಿಕ್ಕುವುದನ್ನು ನೋಡಿ ಬಂದ ಮೇಲೆಯೇ ಚಹಾ ಮಾಡಿದರು.