ಆಕ್ಷೇಪಣೆಯನ್ನು ನಾವೇ ಮೊದಲು ಬರೆದುಕೊಟ್ಟ ಲೇಔಟ್ ಫೈಲು: ಕೊಪ್ಪಳದಿಂದ ನನ್ನ ಅನುಭವ

ಜಮೀನನ್ನು ಸೈಟುಗಳಾಗಿ ವಿಂಗಡಿಸಲು ಅನುಮೋದನೆಗೆ ಹಾಕಿದ ಲೇಔಟ್ ಫೈಲು ಕಚೇರಿಯಿಂದ ವಾಪಸ್ ಬರುವುದು ನಕ್ಷೆ ಅಂದವಾಗಿಲ್ಲ ಅಂತಲ್ಲ. ಪಹಣಿ ಒಂದು ಲೆಕ್ಕ ಹೇಳುತ್ತದೆ, ಸರ್ವೆ ಇಲಾಖೆಯ 11ಇ ನಕ್ಷೆ ಇನ್ನೊಂದು, ನೆಲ ಮತ್ತೊಂದು. ಈ ವ್ಯತ್ಯಾಸವನ್ನು ನಾವು ಮುಚ್ಚುತ್ತೇವೆ, ಕೇಸ್ ವರ್ಕರ್ ಹುಡುಕಿ ತೆಗೆಯುತ್ತಾರೆ, ಅಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತದೆ. ನಾನು ಬದಲಿಸಿದ್ದು ಇಷ್ಟೇ: ವ್ಯತ್ಯಾಸ ಇರುವ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಕೆಂಪು ಗೆರೆಯಲ್ಲಿ ನಾನೇ ತೋರಿಸಿದೆ. ಫೈಲಿನ ಮೊದಲ ಹಾಳೆಯಾಗಿ ಒಂದು ತಾಳೆ ಪಟ್ಟಿ ಹಾಕಿ, ಒಂದೊಂದಕ್ಕೂ ಪರಿಹಾರ ಬರೆದೆ.

ಜೊತೆಗಾರರು ಯಾರೂ ಒಪ್ಪಲಿಲ್ಲ. ಜಮೀನಿನ ಮಾಲೀಕರಂತೂ ನೇರವಾಗಿಯೇ ಕೇಳಿದರು: "ಯಾಕ್ರೀ ಸರ, ನಮ್ಮ ಕೊರಳಿಗೆ ನಾವ ಹಗ್ಗ ಹಾಕ್ಕೊಳ್ಳೋದೇನ್ರೀ?" ಈಗ ಹೀಗೆ ಹಾಕಿದ ನಾಲ್ಕು ಫೈಲುಗಳಲ್ಲಿ ಮೂರು ಒಂದೊಂದೇ ಪ್ರಶ್ನೆಗೆ ಮುಗಿದಿವೆ. ನಾಲ್ಕನೆಯದಕ್ಕೆ ಎರಡು ಪ್ರಶ್ನೆ ಬಂದವು. ಮೊದಲಿನ ಪದ್ಧತಿಯಲ್ಲಿ ಐದಾರು ಸಲ ವಾಪಸ್ ಬಂದ ಫೈಲುಗಳು ನನ್ನಲ್ಲಿಯೇ ಇವೆ.

ಒಂದು ಫೈಲಿನ ಲೆಕ್ಕ ಇಡುತ್ತೇನೆ. ಪಹಣಿಯಲ್ಲಿ 5 ಎಕರೆ 12 ಗುಂಟೆ. ಅದರಲ್ಲಿ 7 ಗುಂಟೆ ಬ ಖರಾಬು, ಅಂದರೆ ಸಾಗುವಳಿಗೆ ಬಾರದ ಸರ್ಕಾರಿ ಜಾಗ; ಇಲ್ಲಿ ಅದು ಅಂಚಿನ ಹಳ್ಳ. ಉಳಿದದ್ದು 205 ಗುಂಟೆ, ಸುಮಾರು 20,740 ಚದರ ಮೀಟರ್. ಉಪಗ್ರಹದ ನೆರವಿನಿಂದ ಅಳೆಯುವ ಡಿಜಿಪಿಎಸ್‌ನಲ್ಲಿ ಅಳೆದಾಗ ಒಡ್ಡಿನೊಳಗೆ ಸಿಕ್ಕಿದ್ದು 202 ಗುಂಟೆ 8 ಆಣೆ, ಅಂದರೆ 20,487 ಚದರ ಮೀಟರ್. ಎರಡೂವರೆ ಗುಂಟೆ ಕಡಿಮೆ. ಇಂಥಲ್ಲಿ ನಾವೆಲ್ಲ ಮಾಡುವುದೇನು? ಪಹಣಿಯ ವಿಸ್ತೀರ್ಣಕ್ಕೆ ನಕ್ಷೆ ಹಿಗ್ಗಿಸುತ್ತೇವೆ. ಸ್ಥಳ ತನಿಖೆಗೆ ಬಂದವರು ಟೇಪ್ ಹಿಡಿದರೆ ಕೊನೆಯ ಸಾಲಿನ ಸೈಟುಗಳು ಪಕ್ಕದವರ ಒಡ್ಡಿನ ಮೇಲೆ ನಿಂತಿರುತ್ತವೆ. ಅಲ್ಲಿಗೆ ಇಡೀ ನಕ್ಷೆಯ ಮೇಲಿನ ನಂಬಿಕೆ ಹೋಯಿತು, ಮುಂದೆ ಸರಿ ಇರುವ ಅಳತೆಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ನಾನು ಕಡಿಮೆ ಇದ್ದ ಅಳತೆಯನ್ನೇ ಹಿಡಿದೆ. ಹೋದ 253 ಚದರ ಮೀಟರಿನಲ್ಲಿ ರಸ್ತೆ, ಉದ್ಯಾನ ಕಳೆದರೆ ಮಾಲೀಕರಿಗೆ ನಷ್ಟವಾಗಿದ್ದು 30x40ರ ಒಂದು ಸೈಟು ಮತ್ತು ಸ್ವಲ್ಪ. ಅವರ ಮನಸ್ಸಿನಲ್ಲಿ ಅದು ಎಂಟು ಲಕ್ಷ. ಆದರೆ ಜಮೀನಿನ ಮೇಲೆ 40 ಲಕ್ಷ ಸಾಲ ಇತ್ತು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 80,000. ಫೈಲು ಒಂದು ಸಲ ವಾಪಸ್ ಬಂದು ಮತ್ತೆ ಟೇಬಲ್ ಸೇರುವುದಕ್ಕೆ ಎರಡು ತಿಂಗಳು ಅಂದರೆ 1,60,000. ಐದು ಸಲ ಬಂದರೆ ಆ ಸೈಟು ಬಡ್ಡಿಗೇ ಹೋಯಿತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಅವರು ಒಪ್ಪಿದ್ದು. ಡಿಜಿಪಿಎಸ್ ಎರಡು ದಿನಕ್ಕೆ 18,000, ಹೊಸ ಗಡಿಕಲ್ಲು ನಿಲ್ಲಿಸಲು 9,000, ಲೆವೆಲ್ (ನೆಲದ ಏರಿಳಿತ) ತೆಗೆಯಲು 4,000 ಸುಮಾರು. ಈ ಮೂರಕ್ಕೂ ಸೇರಿ ಹೆಚ್ಚುವರಿ ಖರ್ಚು 31,000 ಅಷ್ಟೇ.

ಅಳೆಯುವಾಗ ಒಂದು ಮಾತು. ಎರೆ ಭೂಮಿಯಲ್ಲಿ ಹಳೆಯ ಬಾಂದುಕಲ್ಲಿನ ತಲೆಯನ್ನು ನಂಬಬಾರದು. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಕಲ್ಲು ವರ್ಷ ವರ್ಷ ವಾಲುತ್ತದೆ. ಈ ಜಮೀನಿನ ಈಶಾನ್ಯ ಮೂಲೆಯ ಕಲ್ಲಿನ ತಲೆ ಬುಡದಿಂದ ಒಂದು ಗೇಣಿಗಿಂತ ಹೆಚ್ಚು ಆಚೆ ವಾಲಿತ್ತು. ಒಂದೂವರೆ ಅಡಿ ಅಗೆದು, ಬುಡ ಕಂಡ ಮೇಲೆ ಅದರ ನಡುವಿಗೆ ರಾಡ್ ಹಿಡಿದು ಪಾಯಿಂಟ್ ತೆಗೆಯಬೇಕು. ಹೀಗೆ ಆರು ಮೂಲೆಗಳನ್ನು ಅಗೆಸಿದೆವು. ಒಂದು ಕಡೆ ಕಲ್ಲೇ ಇರಲಿಲ್ಲ. ಟಿಪ್ಪಣಿಯ (ಹಳೆಯ ಸರ್ವೆಯ ಅಳತೆ ದಾಖಲೆ) ಅಳತೆ ಹಿಡಿದು ಎರಡು ಕಡೆಯಿಂದ ಕತ್ತರಿಸಿ ಜಾಗ ಗುರುತಿಸಿದೆವು. ಹಳೆಯ ಟಿಪ್ಪಣಿ ಸರಪಳಿ, ಆಣೆಯ ಲೆಕ್ಕದ್ದು. 33 ಅಡಿಗೆ ಒಂದು ಸರಪಳಿ, ಅದಕ್ಕೆ 16 ಆಣೆ. ಒಂದು ಆಣೆ ತಪ್ಪಾಗಿ ಓದಿದರೆ ಎರಡು ಅಡಿ ಹೋಯಿತು. ಪಕ್ಕದ ಜಮೀನಿನವರನ್ನು ಅಂದೇ ಕರೆಸಿ, ಅವರ ಎದುರೇ ಸುಣ್ಣದ ಗೆರೆ ಎಳೆಸಿ, ಪಂಚನಾಮೆಗೆ ಸಹಿ ತೆಗೆದುಕೊಳ್ಳಬೇಕು. ಆಮೇಲೆ ಮಾಡೋಣ ಅಂದರೆ ಅವರು ಸಿಗುವುದಿಲ್ಲ.

ಅಂತಿಮವಾಗಿ ನಿಂತ ವಿಸ್ತೀರ್ಣ ಪಟ್ಟಿ ಹೀಗೆ: ಸೈಟುಗಳಿಗೆ ಶೇ 55, 11,268 ಚ.ಮೀ. ಉದ್ಯಾನಕ್ಕೆ ಶೇ 10, 2,049. ಸಿಎ, ಅಂದರೆ ನಾಗರಿಕ ಸೌಲಭ್ಯದ ಜಾಗಕ್ಕೆ ಶೇ 5, 1,024. ಉಳಿದ 6,146 ರಸ್ತೆ. ಮೊದಲ ನಕ್ಷೆಯಲ್ಲಿ 98 ಸೈಟು ಇದ್ದವು, ಕೊನೆಗೆ 92. ಆರು ಹೋಗಿದ್ದರಲ್ಲಿ ಎರಡು ಹಳ್ಳದ ದೆಸೆಯಿಂದ.

ಹಳ್ಳದಲ್ಲಿ ನಾನು ಮೊದಲು ಎಡವಿದ್ದೂ ಹೇಳಬೇಕು. ಅದರ ಹಿಂದಿನ ಒಂದು ಫೈಲಿನಲ್ಲಿ ಹಳ್ಳದ ಬಫರನ್ನೇ (ದಂಡೆಗುಂಟ ಖಾಲಿ ಬಿಡುವ ಪಟ್ಟಿ) ಉದ್ಯಾನ ಎಂದು ತೋರಿಸಿದ್ದೆ. ಲೆಕ್ಕಕ್ಕೆ ಶೇ 10 ತುಂಬಿತು, ಆದರೆ ಆ ಪಟ್ಟಿ ಆರು ಮೀಟರ್ ಅಗಲ, 200 ಮೀಟರಿಗೂ ಮಿಕ್ಕಿ ಉದ್ದ. ಅಲ್ಲಿ ಮಕ್ಕಳು ಆಡುವುದೆಲ್ಲಿ, ಮಳೆಗಾಲದಲ್ಲಿ ನೀರು ನಿಲ್ಲುವುದೆಲ್ಲಿ? ತಿರಸ್ಕಾರ ನ್ಯಾಯವಾದದ್ದೇ. ಈ ಸಲ ಹಳ್ಳದ ದಂಡೆಯಿಂದ 9 ಮೀಟರ್ ಬಿಟ್ಟು, ಅದನ್ನು ಉದ್ಯಾನದ ಲೆಕ್ಕಕ್ಕೆ ಸೇರಿಸದೆ ರಸ್ತೆಯ ಪಕ್ಕದ ಹಸಿರು ಪಟ್ಟಿ ಎಂದು ಬರೆದೆ. ಉದ್ಯಾನವನ್ನು ಸೈಟುಗಳ ನಡುವೆ ಒಂದೇ ತುಂಡಾಗಿ ಕೊಟ್ಟೆ. ಬ ಖರಾಬನ್ನು ಬೂದು ಬಣ್ಣದಲ್ಲಿ ತೋರಿಸಿ 'ಸರ್ಕಾರಿ, ಲೇಔಟಿಗೆ ಸೇರಿಲ್ಲ' ಎಂದು ನಾವೇ ಬರೆದಿದ್ದೆವು. ಖರಾಬಿನ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ.

ಎರಡನೆಯ ಕೆಂಪು ಗೆರೆ ದಾರಿಯದು. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ಎರಡು ಚುಕ್ಕಿ ಸಾಲಾಗಿ ಕಾಣುತ್ತದೆ, ನೆಲದಲ್ಲಿ ಐದೂವರೆ ಮೀಟರ್. ಮೂರು ಕಡೆ ಅಳೆದು, ಮೂರೂ ಅಳತೆ ಬರೆದು, ನಮ್ಮ ಕಡೆಯಿಂದ ಅಗಲೀಕರಣಕ್ಕೆ ಬಿಟ್ಟ ಪಟ್ಟಿಯನ್ನು ಬೇರೆ ಬಣ್ಣದಲ್ಲಿ ತೋರಿಸಿದೆ. ಬಂದ ಒಂದೇ ಪ್ರಶ್ನೆ ಈ ಪಟ್ಟಿಯ ಹಕ್ಕು ಬಿಟ್ಟುಕೊಡುವ ಪತ್ರದ ಬಗ್ಗೆ. ರಸ್ತೆ, ಉದ್ಯಾನ, ಸಿಎ ಜಾಗ ಬಿಟ್ಟುಕೊಡುವ ಪತ್ರದಲ್ಲಿಯೇ ಇದನ್ನೂ ಸೇರಿಸಿದೆವು, ಮುಗಿಯಿತು. ಪತ್ರದ ಚೆಕ್ಕುಬಂದಿಯನ್ನು ನಕ್ಷೆಯ ಅಂಕಿ ನೋಡಿ ಅಕ್ಷರಶಃ ಬರೆಸಬೇಕು. ಟೈಪಿಸ್ಟ್ ಮೀಟರನ್ನು ಅಡಿ ಮಾಡಿದರೆ ತಿದ್ದುಪಡಿ ಪತ್ರ, ಮತ್ತೆ ಒಂದು ತಿಂಗಳು. ಸೈಟು ಬಿಡುಗಡೆ ಆಗುವಾಗಲೂ, ಇ-ಖಾತೆಗೆ ಹೋಗುವಾಗಲೂ ಇದೇ ಅಂಕಿಗಳನ್ನೇ ತೆಗೆದು ನೋಡುತ್ತಾರೆ.

ಲೆವೆಲ್ ವಿಷಯಕ್ಕೆ ಒಂದು ಪ್ರಯೋಗ ಮಾಡಿದೆ. ಡ್ರೋನ್ ಹಾರಿಸಿದರೆ ಅರ್ಧ ದಿನದಲ್ಲಿ ಕಾಂಟೂರ್ (ನೆಲದ ಏರಿಳಿತ ತೋರಿಸುವ ಗೆರೆಗಳು) ಸಿಗುತ್ತದೆ ಎಂದು 12,000 ಕೊಟ್ಟೆ. ನಕ್ಷೆ ನೋಡಲು ಬಹಳ ಚೆಂದ. ಆದರೆ ಹಳ್ಳದ ಕಡೆ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿತ್ತು, ಡ್ರೋನ್ ಪೊದೆಯ ತಲೆಯನ್ನೇ ನೆಲ ಎಂದು ಓದಿತು. ಆಟೋ ಲೆವೆಲ್ ಯಂತ್ರ ಇಟ್ಟು ಸ್ಟಾಫ್ (ಅಳತೆ ಕೋಲು) ಹಿಡಿಸಿ ನೋಡಿದರೆ ಕೆಲವು ಕಡೆ ಒಂದು ಮೀಟರಿನಷ್ಟು ವ್ಯತ್ಯಾಸ. ಅದನ್ನು ನಂಬಿದ್ದರೆ ಒಳಚರಂಡಿ ಹಿಂದಕ್ಕೆ ಹರಿಯುತ್ತಿತ್ತು. 150 ಮಿ.ಮೀ. ಪೈಪಿಗೆ ನಾನು ನೂರಕ್ಕೆ ಒಂದು ಇಳಿಜಾರು ಹಿಡಿಯುತ್ತೇನೆ. 180 ಮೀಟರ್ ಓಟಕ್ಕೆ 1.8 ಮೀಟರ್ ಇಳಿಯಬೇಕು. ನೆಲ ಇಳಿಯುವುದು 90 ಸೆಂ.ಮೀ. ಮಾತ್ರ. ಮೊದಲ ಚೇಂಬರ್ 90 ಸೆಂ.ಮೀ. ಆಳ ಇದ್ದರೆ ಕೊನೆಯದು 1.8 ಮೀಟರ್ ಆಗುತ್ತದೆ. ಇದನ್ನು ಉದ್ದ ಛೇದದಲ್ಲಿ (ಪೈಪಿನ ಉದ್ದಕ್ಕೂ ಆಳ ತೋರಿಸುವ ನಕ್ಷೆ) ಬರೆದು ಕೊಟ್ಟರೆ ಎಂಜಿನಿಯರು ಮರುಮಾತಾಡುವುದಿಲ್ಲ. ಜಾಲಿ ಕಡಿಸಿದ ಮೇಲೆ ಡ್ರೋನ್ ಹಾರಿಸಿದರೆ ಫಲಿತಾಂಶ ಪರವಾಗಿಲ್ಲ, ಅದನ್ನೂ ಬೇರೆ ಜಮೀನಿನಲ್ಲಿ ನೋಡಿದ್ದೇನೆ.

ತಾಳೆ ಪಟ್ಟಿಯಲ್ಲಿ ನಾಲ್ಕು ಕಾಲಂ: ದಾಖಲೆ, ದಾಖಲೆಯ ಅಂಕಿ, ನೆಲದ ಅಂಕಿ, ನಾವು ಹಿಡಿದದ್ದು ಮತ್ತು ಕಾರಣ. ಸಾಲುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎನ್ನುವುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಹತ್ತು ಫೈಲುಗಳ ವಾಪಸಾತಿ ಪತ್ರಗಳನ್ನು ಸಾಲಾಗಿ ಇಟ್ಟು ಓದಿದರೆ ನಿಮಗೇ ಸಿಗುತ್ತದೆ.

ಇನ್ನು ಲೇಔಟಿನ ಹೆಸರಿನ ಬೋರ್ಡು. ಲೇಔಟಿನ ಫೈಲು ಗೆದ್ದವರೂ ಸೋಲುವುದು ಇಲ್ಲಿಯೇ, ಏಕೆಂದರೆ ಬೋರ್ಡಿಗೆ ಅರ್ಜಿ ಬೇಕು ಎಂದೇ ಯಾರೂ ಎಣಿಸುವುದಿಲ್ಲ. ಮೊದಲು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 500 ಚದರ ಮೀಟರ್ ಮೀರಿದ ಯೋಜನೆಗೆ ನೋಂದಣಿ ಆಗದೆ ಜಾಹೀರಾತೇ ಕೂಡದು, ಆದ ಮೇಲೆ ನೋಂದಣಿ ಸಂಖ್ಯೆ ಬೋರ್ಡಿನಲ್ಲಿ ಇರಲೇಬೇಕು. ಆ ಸಂಖ್ಯೆ ಇಂಗ್ಲಿಷ್ ಅಕ್ಷರದ ಉದ್ದನೆಯ ಸಾಲು. 2024ರ ತಿದ್ದುಪಡಿಯ ನಂತರ ನಾಮಫಲಕದ ಮೇಲ್ಭಾಗದಲ್ಲಿ ಶೇ 60 ಕನ್ನಡ ಇರಬೇಕು. ಇವೆರಡೂ ಕೂಡಿದಾಗ ವಿನ್ಯಾಸ ಇಕ್ಕಟ್ಟಾಗುತ್ತದೆ.

ನಾನು ಬೋರ್ಡನ್ನು ಅಡ್ಡ ಹತ್ತು, ಉದ್ದ ಹತ್ತು, ನೂರು ಮನೆಗಳ ಚೌಕಳಿಯಾಗಿ ಎಳೆದು ಅರ್ಜಿಗೆ ಲಗತ್ತಿಸುತ್ತೇನೆ. ಮೇಲಿನ ಆರು ಸಾಲು ಕನ್ನಡಕ್ಕೆ, ಅಲ್ಲಿ ಬೇರೆ ಅಕ್ಷರ ಒಂದೂ ಇಲ್ಲ. ಕೆಳಗಿನ ನಾಲ್ಕರಲ್ಲಿ ಇಂಗ್ಲಿಷ್ ಹೆಸರು, ರೇರಾ ಸಂಖ್ಯೆ, ಅನುಮೋದನೆಯ ಸಂಖ್ಯೆ. ನೋಡುವವರು ಬೆರಳಿಟ್ಟು ಎಣಿಸಬಹುದು, ವಾದಕ್ಕೆ ಜಾಗವೇ ಇಲ್ಲ. 6x3 ಮೀಟರ್ ಬೋರ್ಡಿನಲ್ಲಿ ಕನ್ನಡಕ್ಕೆ 1.8 ಮೀಟರ್ ಎತ್ತರ ಸಿಗುತ್ತದೆ. ಬಹಳ ಅನ್ನಿಸುತ್ತದೆ, ಆದರೆ 'ಗವಿಸಿದ್ಧೇಶ್ವರ' ಎಂದು ಬರೆಯಿರಿ ನೋಡೋಣ: ದ್ಧ, ಶ್ವ ಎರಡಕ್ಕೂ ಒತ್ತು ಕೆಳಗೆ ಇಳಿಯುತ್ತದೆ, ಮೇಲೆ ಏತ್ವ, ಗುಡಿಸು. 60 ಸೆಂ.ಮೀ. ಅಕ್ಷರಕ್ಕೆ ಒಟ್ಟು 90 ಸೆಂ.ಮೀ. ಜಾಗ ಹಿಡಿಯಿರಿ. ಇಂಗ್ಲಿಷ್ ಸಾಲಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟರೆ ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ, ಪೇಂಟರ್ ಆಗ ಒತ್ತನ್ನೇ ಕುಗ್ಗಿಸಿಬಿಡುತ್ತಾನೆ. ದೂರದಿಂದ ಓದಲು ಬರುವುದಿಲ್ಲ.

ಫ್ಲೆಕ್ಸ್ ಬೇಡ. 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿದೆ. ಜಿಐ (ಸತು ಲೇಪಿಸಿದ ತಗಡು) ಶೀಟಿನ ಮೇಲೆ ಬಣ್ಣ, ಇಲ್ಲವೇ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ ಹಲಗೆ). ಹೆದ್ದಾರಿ ಬದಿಯಲ್ಲಾದರೆ ಕಂಬ ರಸ್ತೆ ಗಡಿಕಲ್ಲಿನಿಂದ ಒಳಗೆ, ನಿಮ್ಮ ಜಮೀನಿನಲ್ಲಿಯೇ ಇರಬೇಕು. ಕೂಡು ರಸ್ತೆ, ಸೇತುವೆಗಳಿಂದ 100 ಮೀಟರ್ ದೂರ ಎಂದು ನಾನು ಹಿಡಿಯುತ್ತೇನೆ. ಕೊಪ್ಪಳದ ಗವಿಮಠದ ಅಶೋಕ ಶಾಸನದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆನೆಗುಂದಿ ಕಡೆಯಾದರೆ ಹಂಪಿ ಪ್ರಾಧಿಕಾರವನ್ನು ಮೊದಲು ಕೇಳಿ.

ಕಂಬದ ಬುನಾದಿಯಲ್ಲಿ ಹಣ ಕಳೆದುಕೊಂಡಿದ್ದೇನೆ. ಹಿಂದೆ 10x8 ಅಡಿಯ ಬೋರ್ಡಿಗೆ 75 ಮಿ.ಮೀ. ಪೈಪ್, ಎರೆಯಲ್ಲಿ ಎರಡಡಿ ಗುಂಡಿ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಕಾಂಕ್ರೀಟಿನ ಸುತ್ತ ಎರಡು ಬೆರಳು ತೂರುವಷ್ಟು ಸಂದು ಬಿಟ್ಟಿತು. ಮುಂಗಾರಿಗೆ ಮುಂಚಿನ ಗಾಳಿಗೆ ಬೋರ್ಡು ರಸ್ತೆ ಕಡೆ ವಾಲಿತು. 22,000 ನೀರಿಗೆ ಹೋಯಿತು.

ಈಗಿನ ಲೆಕ್ಕ: ಗಾಳಿಯ ಒತ್ತಡ ಚದರ ಮೀಟರಿಗೆ 100 ಕೆ.ಜಿ. 18 ಚದರ ಮೀಟರಿಗೆ 1,800 ಕೆ.ಜಿ., ಎರಡು ಕಂಬಕ್ಕೆ ತಲಾ 900. ಬೋರ್ಡಿನ ನಡುಮಧ್ಯ ನೆಲದಿಂದ 4.5 ಮೀಟರ್, ಆದ್ದರಿಂದ ಬುಡದಲ್ಲಿ ತಲಾ 4 ಟನ್-ಮೀಟರ್ ಸೆಳೆತ. 200 ಮಿ.ಮೀ. ಐ ಸೆಕ್ಷನ್ (I ಆಕಾರದ ಉಕ್ಕಿನ ಕಂಬ) ತಾಳುವ ಮಿತಿಯ ಅಂಚಿಗೆ ಬಂತು, 225ರದ್ದು ಹಾಕಿದೆ. ಬುನಾದಿ ಒಂದೊಂದು 1.5x1.5, ಆಳ 1.8 ಮೀಟರ್. ಎರೆ ದಾಟಿ ಗರಸು ಸಿಗುವವರೆಗೆ ಅಗೆಯಬೇಕು, ಇಲ್ಲಿ 1.4 ಮೀಟರಿಗೆ ಸಿಕ್ಕಿತು. ಒಂದು ಬ್ಲಾಕಿನ ತೂಕ ಒಂಬತ್ತೂವರೆ ಟನ್ ಮೇಲೆ. ಅದು ತಡೆಯುವುದು ಸುಮಾರು 7.3 ಟನ್-ಮೀಟರ್, ಅಂದರೆ ನೆಲಮಟ್ಟದ ಆ ಸೆಳೆತದ 1.8 ಪಟ್ಟು, ಬ್ಲಾಕಿನ ತಳದಿಂದ ಲೆಕ್ಕ ಹಿಡಿದರೆ ಸುಮಾರು 1.3 ಪಟ್ಟು. ಕಾಂಕ್ರೀಟಿಗೆ ಸುಮಾರು 48,000, ಕಬ್ಬಿಣಕ್ಕೆ 32,000 ಆಯಿತು. ಗುಂಡಿಯ ಸುತ್ತ ಅಗೆದ ಎರೆಯನ್ನೇ ವಾಪಸ್ ತುಂಬಬೇಡಿ, ಗರಸು ತುಂಬಿ ನೀರು ಬಿಟ್ಟು ದಮ್ಮಸ್ಸು ಮಾಡಿಸಿ. ಈ ಲೆಕ್ಕದ ಹಾಳೆಯನ್ನು ಸ್ಟ್ರಕ್ಚರಲ್ ಎಂಜಿನಿಯರ ಸಹಿಯೊಂದಿಗೆ ಚೌಕಳಿ ನಕ್ಷೆಯ ಹಿಂದೆ ಪಿನ್ ಮಾಡಿ ಕೊಟ್ಟೆವು. ಬೋರ್ಡಿನ ಅನುಮತಿ ಒಂದೂ ಪ್ರಶ್ನೆ ಇಲ್ಲದೆ ಹದಿನೆಂಟು ದಿನಕ್ಕೆ ಬಂತು.