ಪಚ್ಚಿಲೆ ಮರಿ ಉಳಿಸಿಕೊಳ್ಳೋದು ಹೇಗೆ: ನೀರಿನ ಹೊತ್ತು ನೋಡೋದು ಕಲೀರಿ

ಪಚ್ಚಿಲೆ, ಅಂದ್ರೆ ಹಗ್ಗಕ್ಕೆ ಕಟ್ಟಿ ಸಮುದ್ರದ ನೀರಲ್ಲಿ ಬೆಳೆಸೋ ಹಸಿರು ಚಿಪ್ಪಿನ ಮಸ್ಸೆಲ್, ಅದರ ಕೃಷಿಗೆ ಇಳಿಯೋರು ಮರಿ ಎಲ್ಲಿ ಸಿಗ್ತದೆ, ಹಗ್ಗ ಎಷ್ಟು ದಪ್ಪ ಬೇಕು ಅಂತೆಲ್ಲ ಕೇಳ್ತಾರೆ, ನಾನೂ ಮೊದಲು ಕೇಳಿದ್ದು ಅದನ್ನೇ. ಎರಡನೇ ವರ್ಷ ಅರ್ಧಕ್ಕರ್ಧ ಮರಿ ಸತ್ತ ಮೇಲೆ ಗೊತ್ತಾಯ್ತು, ನೋಡ್ಬೇಕಾದ್ದು ಹೊತ್ತು ಅಂತ. ಮರಿಯ ವಯಸ್ಸು ಬದಲಾದ ಹಾಗೆ ಅದಕ್ಕೆ ಕೆಟ್ಟ ಹೊತ್ತೂ ಬದಲಾಗ್ತದೆ.

ಮೊದಲು ನೀರಿಗೆ ಏನಾಗ್ತಾ ಉಂಟು ನೋಡಿ. ಮನುಷ್ಯರು ಬಿಡೋ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಸೇರ್ತದೆ. ಅದರಿಂದ ಮೇಲ್ನೀರಿನ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನೋದರ ಅಳತೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ) ಕಾರ್ಖಾನೆಗಳ ಕಾಲಕ್ಕಿಂತ ಮುಂಚೆ 8.2ರ ಹತ್ತಿರ ಇದ್ದದ್ದು ಈಗ 8.1ರ ಹತ್ತಿರ ಬಂದಿದೆ. 0.1 ಅಂದ್ರೆ ಏನು ಮಹಾ ಅನ್ನಿಸಬಹುದು, ಆದ್ರೆ ಪಿಎಚ್ ಲೆಕ್ಕ ಹತ್ತುಪಟ್ಟಿನ ಲೆಕ್ಕ, ಒಂದು ಅಂಕ ಇಳಿದ್ರೆ ಆಮ್ಲ ಹತ್ತುಪಟ್ಟು, ಹಾಗಾಗಿ ಆಮ್ಲದ ಅಂಶ ಕಾಲು ಭಾಗಕ್ಕಿಂತ ಜಾಸ್ತಿ ಏರಿದ ಹಾಗೆ. ನೀರು ಇನ್ನೂ ಕ್ಷಾರವೇ, ಬಾಯಿಗೆ ಹುಳಿ ಹತ್ತೋದಿಲ್ಲ, ಆದ್ರೆ ಚಿಪ್ಪು ಕಟ್ಟಲಿಕ್ಕೆ ಬೇಕಾದ ಕಾರ್ಬೊನೇಟ್ ಕಡಿಮೆ ಆಗ್ತಾ ಹೋಗ್ತದೆ. ಇದರ ಮೇಲೆ ಬಿಸಿ ಬೇರೆ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ನೀರು 1951ರಿಂದ 2015ರ ಒಳಗೆ ಸರಾಸರಿ 1 ಡಿಗ್ರಿ ಏರಿದೆ.

ನಮ್ಮ ಕರಾವಳಿಯದ್ದು ಇನ್ನೊಂದು ಕತೆ. ಮಳೆಗಾಲದಲ್ಲಿ ಕೇರಳ-ಕರ್ನಾಟಕದ ಉದ್ದಕ್ಕೂ ಆಳದ ತಣ್ಣೀರು ಮೇಲೆ ಬರ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ, ಪಿಎಚ್ಚೂ ಕಡಿಮೆ. ನದಿಯ ಸಿಹಿನೀರೂ ಅದೇ ಹೊತ್ತಿಗೆ ಬಂದು ಸೇರ್ತದೆ. ಪಚ್ಚಿಲೆ ಹೆಚ್ಚಾಗಿ ಮೊಟ್ಟೆ ಬಿಡೋದೂ ಆ ಮಳೆಗಾಲದಲ್ಲೇ.

ಮೊಟ್ಟೆಯೊಡೆದ ಕೂಸು ಮೊದಲ ಒಂದೆರಡು ದಿನದಲ್ಲೇ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಚಿಪ್ಪು ಕಟ್ಟಿಕೊಳ್ಬೇಕು. ಆಗ ಅದಕ್ಕೆ ಸರಿಯಾಗಿ ತಿನ್ನಲಿಕ್ಕೂ ಬರೋದಿಲ್ಲ, ಮೊಟ್ಟೆಯಲ್ಲಿ ತಾಯಿ ಕೊಟ್ಟ ಬುತ್ತಿಯೇ ಗತಿ. ಮೇಲಾಗಿ ಆ ಮೊದಲ ಚಿಪ್ಪು ಅರಗೊನೈಟ್‌ನದ್ದು, ಅದು ಸುಲಭವಾಗಿ ಕರಗೋ ಜಾತಿಯ ಸುಣ್ಣ. ಕಾರ್ಬೊನೇಟ್ ಕಡಿಮೆ ಇದ್ರೆ ಬುತ್ತಿಯೆಲ್ಲ ಚಿಪ್ಪಿಗೇ ಖರ್ಚಾಗಿ ಕೂಸು ಸೊರಗ್ತದೆ, ಚಿಪ್ಪು ಸೊಟ್ಟ ಆಗ್ತದೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೆರಿಕದ ಒರೆಗಾನ್‌ನ ವಿಸ್ಕಿ ಕ್ರೀಕ್ ಅನ್ನೋ ಸಿಂಪಿ ಮರಿ ಕೇಂದ್ರ. 2007-08ರಲ್ಲಿ ಅಲ್ಲಿ ಕೂಸುಗಳು ರಾಶಿ ರಾಶಿ ಸತ್ತವು. ಮೊದಲು ಬ್ಯಾಕ್ಟೀರಿಯಾ ಅಂದ್ಕೊಂಡ್ರು, ಆಮೇಲೆ ಅಳೆದು ನೋಡಿದ್ರೆ ಆಳದಿಂದ ಮೇಲೆ ಬಂದ ನೀರಿನದ್ದೇ ಸಮಸ್ಯೆ. ಅವರು ಮಾಡಿದ್ದು ಸರಳ ಕೆಲಸ: ನೀರನ್ನ ಬಿಡದೆ ಅಳೆಯೋದು, ಮಧ್ಯಾಹ್ನದ ಮೇಲೆ ಪಂಪ್ ಮಾಡೋದು, ಆಮ್ಲ ತಗ್ಗಿಸೋ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಸೇರಿಸೋದು. ಮಧ್ಯಾಹ್ನ ಯಾಕೆ ಅಂದ್ರೆ ಬಿಸಿಲಿಗೆ ಪಾಚಿ, ನೀರಹುಲ್ಲು ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಪಿಎಚ್ ಏರಿಸ್ತವೆ, ರಾತ್ರಿಯಿಡೀ ಎಲ್ಲಾ ಜೀವಿಗಳೂ ಉಸಿರು ಬಿಟ್ಟು ಬಿಟ್ಟು ಬೆಳಗಿನ ಜಾವಕ್ಕೆ ಪಿಎಚ್ ತೀರಾ ಕೆಳಗೆ ಇಳಿದಿರ್ತದೆ.

ಹಾಗಾಗಿ ನೀವು ತೊಟ್ಟಿಯಲ್ಲಿ ಮರಿ ಮಾಡೋರಾದ್ರೆ ನೀರು ಎಳೀಬೇಕಾದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ಅದೂ ಭರತ (ಸಮುದ್ರದ ನೀರು ಏರಿದ ಹೊತ್ತು) ಇದ್ದಾಗ. ಎಳೆದ ನೀರಿಗೆ ಜೋರಾಗಿ ಗಾಳಿ ಹಾಯಿಸಿ, ಹೆಚ್ಚಿನ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗ್ತದೆ. ಆದ್ರೆ ಆ ಗಾಳಿ ಹೊರಗಿನದ್ದಾಗಿರ್ಲಿ, ಜನ ತುಂಬಿದ ಮುಚ್ಚಿದ ಶೆಡ್ಡಿನದ್ದು ಬೇಡ. ಸೋಡಾ ಆ್ಯಶ್ ಹಾಕೋದಿದ್ರೆ ಕೂಸಿರೋ ತೊಟ್ಟಿಗೆ ನೇರ ಹಾಕ್ಬೇಡಿ, ಸಂಗ್ರಹದ ತೊಟ್ಟಿಗೆ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ ನೋಡ್ತಾ ಹೋಗಿ, ಜಾಸ್ತಿಯಾದ್ರೆ ನೀರು ಬೆಳ್ಳಗೆ ಕದಡಿ ಸುಣ್ಣ ಕೆಳಗೆ ಕೂತ್ಕೊಳ್ತದೆ. ಬಟ್ಟೆ ತೊಳೆಯೋ ಪೌಡರ್ ಅಂತೂ ಮುಟ್ಲೇಬೇಡಿ.

ಬಂಡೆಯಿಂದ ಮರಿ ತಂದು ಹಗ್ಗಕ್ಕೆ ಕಟ್ಟೋರಿಗೆ ಲೆಕ್ಕ ಉಲ್ಟಾ. ಬೆರಳಿನ ಉಗುರಿಗಿಂತ ದೊಡ್ಡದಾದ ಮರಿಗೆ ಬೆಳಗಿನ ಪಿಎಚ್ ಅಷ್ಟು ದೊಡ್ಡ ತೊಂದರೆ ಅಲ್ಲ, ಅದನ್ನ ಕೊಲ್ಲೋದು ಬಿಸಿ. ನಮ್ಮದು ಸತ್ತದ್ದೂ ಹಾಗೇ, ಚೀಲಗಳು ಟೆಂಪೋದಲ್ಲಿ ಹನ್ನೊಂದು ಗಂಟೆವರೆಗೆ ಬಿಸಿಲಿಗೆ ಬಿದ್ದಿದ್ವು. ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟ ಮೇಲೆ ಎಳೆ ಬಿಟ್ಟು ಹಿಡ್ಕೊಳ್ಳೋ ಶಕ್ತಿಯೇ ಅವಕ್ಕೆ ಉಳಿದಿರ್ಲಿಲ್ಲ, ಮೇಲೆ ಸುತ್ತಿದ ಹತ್ತಿ ಬಟ್ಟೆ ಕರಗಿದ ಕೂಡಲೇ ಉದುರಿಹೋದವು. ಅದಕ್ಕೆ ಬೆಳಿಗ್ಗೆ ತಂಪಿನಲ್ಲಿ ಇಳಿತ ನೋಡಿ ಮರಿ ತೆಗೀರಿ, ಸಮುದ್ರದ ನೀರಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ನೆರಳಲ್ಲಿ ಕಟ್ಟಿ ಅದೇ ದಿನ ನೀರಿಗೆ ಬಿಡಿ. ಸಿಹಿನೀರು ಚಿಮುಕಿಸ್ಬೇಡಿ.

ಹಗ್ಗ ಇಳಿಬಿಡುವಾಗ ಮಾರ್ಚ್-ಏಪ್ರಿಲ್‌ನ ದೊಡ್ಡ ಇಳಿತ ಮನಸ್ಸಲ್ಲಿಟ್ಕೊಳ್ಳಿ. ನಡುಹಗಲಲ್ಲಿ ಮೇಲಿನ ಮರಿ ಗಾಳಿಗೆ ತೆರೆದುಕೊಂಡ್ರೆ ಬೆಂದು ಹೋಗ್ತದೆ, ಕೆಳಗಿನ ತುದಿ ಕೆಸರು ಮುಟ್ಟಿದ್ರೆ ಅಲ್ಲಿ ಆಮ್ಲಜನಕ ಇಲ್ಲ, ಏಡಿ ಬೇರೆ. ಹಗ್ಗದಲ್ಲಿ ಮರಿ ಒತ್ತೊತ್ತಾಗಿ ತುಂಬೋ ಆಸೆಯನ್ನೂ ಬಿಡಿ. ಜರ್ಮನಿಯ ಕೀಲ್ ಕೊಲ್ಲಿಯಲ್ಲಿ ಪಚ್ಚಿಲೆಯ ಕುಟುಂಬದ್ದೇ ಆದ ನೀಲಿ ಮಸ್ಸೆಲ್ ಮರಿಗಳ ಮೇಲೆ ಕೆಲಸ ಮಾಡಿದೋರು ಕಂಡದ್ದು, ಹೊಟ್ಟೆ ತುಂಬ ಆಹಾರ ಸಿಕ್ಕ ಮರಿ ಆಮ್ಲದ ನೀರಲ್ಲೂ ಬೆಳೀತದೆ ಅಂತ. ನೀರು ಬಿಸಿಯಾದಷ್ಟೂ ಮರಿಗೆ ಹಸಿವು ಜಾಸ್ತಿ, ಹಾಗಾಗಿ ನೀರು ಚೆನ್ನಾಗಿ ಹರಿಯೋ ಜಾಗ, ಹಗ್ಗಗಳ ಮಧ್ಯೆ ಅಂತರ, ಇವೆರಡೇ ನಿಮ್ಮ ಕೈಲಿರೋ ದೊಡ್ಡ ಮದ್ದು ಅಂತ ನನ್ನ ಅಭಿಪ್ರಾಯ.

ಅಳೆಯೋದಕ್ಕೆ ಲಿಟ್ಮಸ್ ಪೇಪರ್ ಸಾಲೋದಿಲ್ಲ, ನಮಗೆ ಬೇಕಾದ್ದು 0.1ರ ವ್ಯತ್ಯಾಸ. ಪೆನ್ನಿನಂಥ ಪಿಎಚ್ ಮೀಟರ್ ತಗೊಂಡು, ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರೋ ಬಫರ್ ದ್ರಾವಣದಲ್ಲಿ ಆಗಾಗ ಸರಿಮಾಡ್ಕೊಳ್ಳಿ, ಗಾಜಿನ ಬಾಟಲಿ ನೀರೊಳಗೇ ತುಂಬಿಸಿ ಗಾಳಿ ಇರದ ಹಾಗೆ ಮುಚ್ಚಿ ತಂದು ಕೂಡಲೇ ನೋಡಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ, ಜೊತೆಗೆ ನೀರಿನ ಬಿಸಿ, ಉಪ್ಪಿನಂಶ, ಭರತವೋ ಇಳಿತವೋ ಅನ್ನೋದು. ಒಂದು ಸೀಸನ್ ಬರೆದಿಟ್ರೆ ನಿಮ್ಮ ಅಳಿವೆಯ ಗುಣ ನಿಮಗೇ ತಿಳೀತದೆ.

ಇನ್ನು ಖಾಲಿ ಚಿಪ್ಪು. ಸುಣ್ಣಕ್ಕೆ ಅಂತ ಎಲ್ಲವನ್ನೂ ಕೊಟ್ಬಿಡ್ಬೇಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಪುಡಿ ಚಿಪ್ಪು ಹರಡಿದ ಕೆಸರಲ್ಲಿ ಮರಿ ಚಿಪ್ಪಿಕಲ್ಲು ಜಾಸ್ತಿ ನೆಲೆ ನಿಂತದ್ದನ್ನ ನೋಡಿದ್ದಾರೆ, ಚಿಪ್ಪು ನಿಧಾನಕ್ಕೆ ಕರಗಿ ಕೆಸರಿನ ಆಮ್ಲ ತಗ್ಗಿಸ್ತದೆ. ಬಳಚು (ಕೆಸರಲ್ಲಿರೋ ಚಿಪ್ಪಿಕಲ್ಲು) ಹೆಕ್ಕೋ ಜಾಗ ನಿಮ್ಮ ಹತ್ರ ಇದ್ರೆ ಮಾಂಸ ಬಿಡಿಸಿದ ಚಿಪ್ಪನ್ನ ತೊಳೆದು, ಒಣಗಿಸಿ, ಒಡೆದು ಒಂದು ಸಣ್ಣ ಜಾಗಕ್ಕೆ ಹರಡಿ ಗೂಟ ಹೊಡೆದು ಗುರುತು ಮಾಡಿ. ಮುಂದಿನ ಸೀಸನ್‌ಗೆ ಅಲ್ಲೂ ಪಕ್ಕದ ಬರೀ ಕೆಸರಲ್ಲೂ ಒಂದೊಂದು ಬುಟ್ಟಿ ಸೋಸಿ ಮರಿ ಎಣಿಸಿ ನೋಡಿ.